ಬಲಸೊಂಟದ ಕೆಳಗಿನ ಟವಲು

ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ನನಗೆ ಉಸಿರಾಡಲು ಬರುವುದಿಲ್ಲ ಎಂದು ಮೂವತ್ತು ದಾಟದ ಹುಡುಗಿಯೊಬ್ಬಳು ನನ್ನ ಮುಖಕ್ಕೇ ಹೇಳಿದಳು. ಗಾಂಧಿಪುರಂನ ಒಂದು ಸೀರೆ ಅಂಗಡಿಯ ಮೇಲೆ, ಮೂರನೆಯ ಮಹಡಿಯಲ್ಲಿ, ನೀಲಿ ಚಾಪೆಯ ಮೇಲೆ ಅಂಗಾತ ಮಲಗಿಸಿ ಹೇಳಿದಳು. ಸುತ್ತ ಹತ್ತು ಹನ್ನೆರಡು ಹೆಂಗಸರು, ಎಲ್ಲರೂ ನನಗಿಂತ ಚಿಕ್ಕವರು, ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟುಕೊಂಡವರು. ಕೆಳಗೆ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು.

"ಮೇಡಂ, ನೀವು ಉಸಿರು ಹಿಡ್ಕೊಂಡಿದೀರಿ. ಬಿಡಿ."

"ಬಿಟ್ಟಿದ್ದೇನಲ್ಲ."

"ಇಲ್ಲ ಮೇಡಂ. ಎದೆ ಎತ್ತಿ ಹಿಡ್ಕೊಂಡಿದೀರಿ. ಯಾರೋ ಸಲ್ಯೂಟ್ ಹೊಡೀತಾರೆ ಅಂತ ಕಾಯ್ತಿರೋ ಹಾಗಿದೆ."

ನನ್ನ ಎಡಗಡೆಯ ಚಾಪೆಯಲ್ಲಿ ಮಲಗಿದ್ದ ನನ್ನ ತಂಗಿ ಕಿಸಕ್ಕನೆ ನಕ್ಕಳು.

ನಾನು ಮೂವತ್ತನಾಲ್ಕು ವರ್ಷ ಕೊಯಮತ್ತೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ಹೊಟ್ಟೆ ಒಳಗೆ, ಎದೆ ಮುಂದೆ, ಗದ್ದ ಮೇಲೆ: ಇದನ್ನು ತಮಿಳಿನಲ್ಲಿ ಎಷ್ಟು ಸಾವಿರ ಸಲ ಕೂಗಿದ್ದೇನೋ ಲೆಕ್ಕವಿಲ್ಲ. ನನ್ನ ಸೀಟಿ ಕೇಳಿದರೆ ಬೀದಿಯಲ್ಲಿ ಹೋಗುವವರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ ಎಂದು ಹೆಡ್‌ಮಿಸ್ ತಮಾಷೆ ಮಾಡುತ್ತಿದ್ದರು. ಈಗಲೂ ನಾಲ್ಕೂವರೆಗೆ ಏಳುತ್ತೇನೆ, ಐದಕ್ಕೆ ನಡಿಗೆ, ಆರೂಕಾಲಿಗೆ ಸ್ನಾನ, ಏಳಕ್ಕೆ ತಿಂಡಿ. ಮನೆಯವರು ತೀರಿಕೊಂಡ ಮಾರನೆಯ ವಾರವೂ ಈ ವೇಳೆ ತಪ್ಪಲಿಲ್ಲ. ಅದನ್ನು ಧೈರ್ಯ ಅಂದವರೂ ಇದ್ದಾರೆ, ಕಲ್ಲುಮನಸ್ಸು ಅಂದವರೂ ಇದ್ದಾರೆ.

ನಾನು ಸಾಲಾಗಿ ನಿಲ್ಲಿಸಿ ನೆಟ್ಟಗೆ ಮಾಡಿದ ಹುಡುಗಿಯರಲ್ಲಿ ಮುಕ್ಕಾಲು ಪಾಲು ತಿರುಪ್ಪೂರಿನ ಬನಿಯನ್ ಕಂಪೆನಿಗಳಿಗೆ ಹೋದರು. ಅಲ್ಲಿ ಹೊಲಿಗೆ ಯಂತ್ರದ ಮುಂದೆ ಕತ್ತು ಬಗ್ಗಿಸಿ ಕೂತರು. ಬಸ್ಸಿನಲ್ಲಿ ಸಿಕ್ಕಾಗ, "ಮಿಸ್, ಕತ್ತು ನೋವು ಮಿಸ್" ಅನ್ನುತ್ತಿದ್ದರು. ನೆಟ್ಟಗೆ ಕೂತು ಹೊಲಿ ಎಂದು ಹೇಳಿ ನಾನು ನನ್ನ ಸ್ಟಾಪಿನಲ್ಲಿ ಇಳಿದುಬಿಡುತ್ತಿದ್ದೆ.

ಈ ತರಗತಿಗೆ ನಾನು ಬಂದದ್ದು ನನಗಾಗಿ ಅಲ್ಲ, ತಂಗಿಗಾಗಿ. ಅವಳು ನನಗಿಂತ ನಾಲ್ಕು ವರ್ಷ ಚಿಕ್ಕವಳು. ವೆಳ್ಳಕೋಯಿಲಿನ ಪಕ್ಕದ ಊರಿನಲ್ಲಿ, ನಾವು ಹುಟ್ಟಿದ ಬೀದಿಯಲ್ಲೇ ಮದುವೆಯಾಗಿ ಅಪ್ಪನ ಮನೆಯಲ್ಲೇ ಉಳಿದವಳು. ನಮ್ಮದು ನೇಯುವವರ ಬೀದಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಹೀಗೆ ಎಷ್ಟು ತಲೆಮಾರಿನಿಂದ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಕನ್ನಡದ ಅಕ್ಷರ ಕಲಿತವರು ನಮ್ಮಲ್ಲಿ ಕಡಿಮೆ. ನನಗೆ ತಾತ ಸ್ಲೇಟಿನ ಮೇಲೆ ಕಲಿಸಿದರು. ತಂಗಿಗೆ ಕಲಿಸುವ ವಯಸ್ಸು ಬರುವ ಹೊತ್ತಿಗೆ ತಾತ ಇರಲಿಲ್ಲ. ಹಾಗಾಗಿ ನಾನು ಈಗ ಬರೆಯುತ್ತಿರುವುದನ್ನು ಅವಳು ಓದಲಾರಳು. ಇದೂ ನನಗೆ ಅನುಕೂಲವಾಗಿಯೇ ಒದಗಿದೆ, ಉಳಿದ ಎಲ್ಲದರ ಹಾಗೆ.

ಆ ಉಳಿದದ್ದು ಏನೆಂದು ಹೇಳಬೇಕು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅಮ್ಮನ ಕಣ್ಣು ಮಂಜಾಯಿತು. ಎಳೆ ಕಾಣದವಳು ನೇಯುವುದು ಹೇಗೆ? ಮನೆಯಲ್ಲಿ ಎರಡು ಗುಂಡಿ ಮಗ್ಗ. ಒಂದರಲ್ಲಿ ಅಪ್ಪ, ಇನ್ನೊಂದು ಖಾಲಿ. ಗುಂಡಿ ಮಗ್ಗವೆಂದರೆ ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಅಂಚಿನ ಹಲಗೆಯ ಮೇಲೆ ಕೂತು ನೇಯುವುದು. ಕೆಳಗೆ ಕಾಲು ತುಳಿಯುತ್ತದೆ, ಬಲಗೈ ಲಾಳಿಯ ಹಗ್ಗ ಎಳೆಯುತ್ತದೆ, ಎಡಗೈ ಬಡಿಯುತ್ತದೆ. ಒಂದು ಬೆಳಿಗ್ಗೆ ಅಪ್ಪ ನಮ್ಮಿಬ್ಬರನ್ನೂ ಸರದಿಯಂತೆ ಆ ಖಾಲಿ ಮಗ್ಗದಲ್ಲಿ ಕೂರಿಸಿ ನೋಡಿದರು. ನನ್ನ ಮಂಡಿ ಬಟ್ಟೆ ಸುತ್ತುವ ಮರದ ದಿಂಡಿಗೆ ಹೋಗಿ ಬಡಿಯಿತು.

"ಇವಳ ಕಾಲು ಉದ್ದ. ಒಗ್ಗಾದಿಲ್ಲ," ಅಂದರು ಅಪ್ಪ. "ಚಿಕ್ಕವಳು ಸರಿ."

ಇಷ್ಟೇ ನಡೆದದ್ದು. ಯಾರೂ ಅಳಲಿಲ್ಲ. ನಾನು ಚೀಲ ಹಾಕಿಕೊಂಡು ಶಾಲೆಗೆ ಹೋದೆ. ಹನ್ನೊಂದು ವರ್ಷದ ತಂಗಿ ಗುಂಡಿಗೆ ಇಳಿದಳು. ಐವತ್ತನಾಲ್ಕು ವರ್ಷವಾದ ಮೇಲೆ, ಒಂದು ದಿನ ಆ ಗುಂಡಿಯಿಂದ ಮೇಲೇಳಲು ಆಗದೆ ಕೂಗಿದಳು. ಮಗ ಬಂದು ಕಂಕುಳಿಗೆ ಕೈ ಕೊಟ್ಟು ಎತ್ತಿದನಂತೆ.

ಕೊಯಮತ್ತೂರಿನ ಡಾಕ್ಟರಿಗೆ ತೋರಿಸಿದೆವು. ಅವರು ಎಕ್ಸ್‌ರೇ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿ, ಸೊಂಟದ ಸುತ್ತಲಿನ ಮಾಂಸಖಂಡಕ್ಕೆ ಬಲವಿಲ್ಲ, ಎಂಟು ವಾರ ಪಿಲಾಟೀಸ್ ಮಾಡಿಸಿ ಎಂದರು. ಆ ಹೆಸರನ್ನು ನಾನು ಪತ್ರಿಕೆಯಲ್ಲಿ ಓದಿದ್ದೆ, ಅಷ್ಟೇ. ಸಿನಿಮಾದವರು ಮಾಡುವಂಥದ್ದು ಅಂದುಕೊಂಡಿದ್ದೆ.

"ಎಂಟು ವಾರ ಆದ ಮೇಲೆ ಮಗ್ಗಕ್ಕೆ ಕೂರಬೋದಾ?" ತಂಗಿ ತಮಿಳಿನಲ್ಲಿ ಕೇಳಿದಳು.

"ಎಂಟು ವಾರ ಆಗಲಿ. ನೋಡಿ ಹೇಳ್ತೀನಿ. ಆಗಬಹುದು, ಆಗದೆಯೂ ಇರಬಹುದು."

ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಮಗ್ಗದ ಮೇಲೆ ಪಾವು ನಿಂತಿತ್ತು. ಉದ್ದಕ್ಕೆ ಹಾಸಿದ ನೂಲಿಗೆ ನಮ್ಮಲ್ಲಿ ಪಾವು ಅನ್ನುವುದು. ಒಂದು ಪಾವಿಗೆ ಏಳು ಸೀರೆ. ಮೂರು ಮುಗಿಸಿ ಕೊಟ್ಟಿದ್ದಳು, ನಾಲ್ಕನೆಯದು ಅರ್ಧದಲ್ಲಿತ್ತು. ಬೇರೆ ಯಾರಿಂದಾದರೂ ಮುಗಿಸಬಾರದೇ ಎಂದು ನಾನು ಕೇಳಿದ್ದಕ್ಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀನು ಯಾವೂರವಳು ಅಕ್ಕಾ? ಕೈ ಬದಲಾದ್ರೆ ಬಟ್ಟೇಲಿ ಗೀಟು ಬೀಳ್ತದೆ. ನನ್ನ ಬಡಿತ ಬೇರೆ, ಇನ್ನೊಬ್ರ ಬಡಿತ ಬೇರೆ."

"ಹೋಗಲಿ ಬಿಡು. ಈ ವಯಸ್ಸಿನಲ್ಲಿ ಮಗ್ಗ ಯಾಕೆ? ಮಗ ಇದ್ದಾನೆ, ಸೊಸೆ ಇದ್ದಾಳೆ."

"ಅವರಿಬ್ರೂ ಬೆಳಿಗ್ಗೆ ಕಂಪೆನಿ ಬಸ್ ಹತ್ತಿದ್ರೆ ಕತ್ಲಾದ ಮೇಲೆ ಬರಾದು. ಮಗ್ಗ ಬಿಟ್ರೆ ನಾನು ಆ ಮನೇಲಿ ಯಾರು? ಮೂಲೇಲಿ ಇಟ್ಟ ಒರಳು."

ನನ್ನ ಮನೆ ಕೊಯಮತ್ತೂರಿನಲ್ಲಿ, ಮಾಳಿಗೆಯ ಮೇಲೆ ಎರಡು ಕೋಣೆ. ಎಂಟು ವಾರಕ್ಕೆ ತಂಗಿ ಅಲ್ಲಿಗೆ ಬಂದಳು. ವಾರಕ್ಕೆ ಮೂರು ದಿನ ತರಗತಿ. ಮೊದಲ ದಿನವೇ ಕೆಳಗಿನ ಸೀರೆ ಅಂಗಡಿಯ ಗಾಜಿನ ಮುಂದೆ ನಿಂತು, ಬೊಂಬೆ ಉಟ್ಟ ಸೀರೆಯ ಅಂಚನ್ನು ನೋಡಿ, "ಮಿಷನ್ ನೇಯ್ದಿದ್ದು," ಎಂದು ಮುಖ ಸಿಂಡರಿಸಿದಳು.

ಕಲಿಸುವ ಹುಡುಗಿ ಮೈಸೂರಿನ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದವಳು. ನಾವಿಬ್ಬರೂ ಮಾತಾಡುವುದನ್ನು ಕೇಳಿ, "ಅಯ್ಯೋ, ನೀವು ಕನ್ನಡದವರಾ!" ಎಂದು ಅರಳಿದಳು. ನಾನು ನನ್ನ ಪುಸ್ತಕದ ಕನ್ನಡದಲ್ಲಿ ಉತ್ತರ ಕೊಟ್ಟೆ. ತಂಗಿ ನಾಚಿಕೊಂಡು, "ನಮ್ದು ಅರ್ಧ ತಮಿಳು, ಅಮ್ಮಣಿ," ಅಂದಳು. ಅಮ್ಮಣಿ ಎಂದರೆ ಈ ಸೀಮೆಯಲ್ಲಿ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವ ಮಾತು. ಆ ಹುಡುಗಿಗೆ ನನ್ನ ಕನ್ನಡಕ್ಕಿಂತ ತಂಗಿಯ ಅರ್ಧ ತಮಿಳೇ ಇಷ್ಟವಾಯಿತು ಎಂಬುದು ಒಂದೇ ವಾರದಲ್ಲಿ ಗೊತ್ತಾಯಿತು.

ಅವಳು ಹೇಳಿಕೊಟ್ಟದ್ದು ನೋಡಲು ಏನೇನೂ ಅಲ್ಲ. ಅಂಗಾತ ಮಲಗಬೇಕು, ಮಂಡಿ ಮಡಿಸಿ ಪಾದಗಳನ್ನು ನೆಲಕ್ಕೂರಬೇಕು. ಸೊಂಟವನ್ನು ನೆಲಕ್ಕೆ ಒತ್ತಲೂಬಾರದು, ಎತ್ತಲೂಬಾರದು. ಅಡಿಯಲ್ಲಿ ಒಂದು ವೀಳ್ಯದೆಲೆ ಜಾರಿಸುವಷ್ಟು ಜಾಗ ಇರಬೇಕು. ಉಸಿರನ್ನು ಹೊಟ್ಟೆಗಲ್ಲ, ಎದೆಯ ಮೇಲಕ್ಕೂ ಅಲ್ಲ, ಪಕ್ಕೆಲುಬಿನ ಎರಡು ಕಡೆಗೂ ಬೆನ್ನಿಗೂ ತುಂಬಿಕೊಳ್ಳಬೇಕು. ಬಿಡುವಾಗ ಹೊಕ್ಕುಳ ಕೆಳಗಿನ ಹೊಟ್ಟೆಯನ್ನು ಮೆಲ್ಲಗೆ ಒಳಕ್ಕೆ ಸೆಳೆಯಬೇಕು. ಆ ಹಿಡಿತ ಬಿಡದೆ ಒಂದು ಕಾಲನ್ನು ಮುಂದಕ್ಕೆ ಜಾರಿಸಿ ಮತ್ತೆ ತರಬೇಕು. ಅಥವಾ ಸೊಂಟವನ್ನು ಬೆನ್ನಿನ ಒಂದೊಂದೇ ಮಣಿ ನೆಲ ಬಿಡುವ ಹಾಗೆ ಎತ್ತಿ, ಒಂದೊಂದೇ ಮಣಿ ನೆಲ ಮುಟ್ಟುವ ಹಾಗೆ ಇಳಿಸಬೇಕು. ಎಷ್ಟು ಸಲ ಮಾಡಿದಿರಿ ಎಂಬುದು ಮುಖ್ಯವಲ್ಲ, ಹೇಗೆ ಮಾಡಿದಿರಿ ಎಂಬುದೇ ಮುಖ್ಯ ಎಂದು ಅವಳು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಇದು ನನಗೆ ಸೋಮಾರಿಗಳ ಮಾತಿನ ಹಾಗೆ ಕೇಳಿಸಿತು.

ಮೊದಲ ದಿನ ಹುಡುಗಿ ತಂಗಿಯ ಸೊಂಟದ ಅಡಿಗೆ ಕೈ ಹಾಕಿ ನೋಡಿದಳು. ಎಡಗಡೆ ಕೈ ಹೋಗಲಿಲ್ಲ, ಬಲಗಡೆ ಮುಷ್ಟಿಯೇ ಹೋಯಿತು.

"ಅಮ್ಮಾ, ಏನು ಕೆಲಸ ಮಾಡ್ತಿದ್ರಿ?"

"ನೇಯಾದು, ಅಮ್ಮಣಿ."

ಹೇಗೆ ಕೂರುತ್ತೀರಿ ಎಂದು ಕೇಳಿ, ಸ್ಟೂಲಿನ ಮೇಲೆ ಕೂರಿಸಿ, ಗಾಳಿಯಲ್ಲೇ ಲಾಳಿ ಎಳೆಸಿ, ಬಡಿಸಿ ನೋಡಿದಳು. ಉಳಿದ ಹೆಂಗಸರು ಚಾಪೆಯ ಮೇಲೆ ಎದ್ದು ಕೂತು ನೋಡಿದರು. ಆಮೇಲೆ ಒಂದು ಟವಲನ್ನು ನಾಲ್ಕು ಮಡಿಕೆ ಮಾಡಿ, ತಂಗಿಯನ್ನು ಮಲಗಿಸಿ, ಬಲಸೊಂಟದ ಕೆಳಗೆ ಇಟ್ಟಳು.

"ಈಗ ಹೇಗಿದೆ?"

ತಂಗಿ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟಳು. "ಈಗ ನನ್ನ ಮಗ್ಗದಲ್ಲಿ ಕೂತ ಹಾಗದೆ."

ಆ ಮಾತು ನನ್ನ ಕಿವಿಗೆ ಬಿತ್ತು. ಬಿದ್ದು ಹೊರಗೆ ಹೋಯಿತು.

"ಟವಲಿಟ್ಟರೆ ಸೊಂಟ ಸೊಟ್ಟಗೇ ಇರುತ್ತಲ್ಲ?" ಅಂದೆ ನಾನು. "ನೇರ ಮಾಡುವುದು ಯಾವಾಗ?"

"ಮೇಡಂ, ಇವರ ಮೈ ಐವತ್ತು ವರ್ಷ ವಾಲಿದ್ದು. ಅದನ್ನ ಎಳೆದು ನೇರ ಮಾಡೋಕೆ ಹೋಗಬಾರದು. ಇವರಿಗೆ ಟವಲು ಬೇಕೇ ಬೇಕು. ಮುಂದಕ್ಕೆ ಬಗ್ಗಿ ಏಳೋದು ಯಾವುದೂ ಬೇಡ. ಮೂರು ಸಲ ಮಾಡಲಿ, ನೋವಂದ್ರೆ ನಿಲ್ಲಿಸಲಿ. ಅಷ್ಟು ಸಾಕು."

ಎರಡು ಮೂರು ವಾರದಲ್ಲಿ ತಂಗಿ ಆ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡತೊಡಗಿದಳು. ಉಸಿರು ಅವಳಿಗೆ ಮೊದಲೇ ಗೊತ್ತಿತ್ತು. ಲಾಳಿ ಎಳೆಯುವಾಗ ಒಳಕ್ಕೆ, ಬಡಿಯುವಾಗ ಹೊರಕ್ಕೆ. ಐವತ್ತು ವರ್ಷ ಹಾಗೇ ಮಾಡಿದವಳು. ಪ್ರತಿಸಲವೂ ಒಂದೇ ಅಳತೆ, ಒಂದೇ ವೇಗ. ಇಲ್ಲದಿದ್ದರೆ ಬಟ್ಟೆಯಲ್ಲಿ ಗೀಟು ಬೀಳುತ್ತದಲ್ಲ! ಹುಡುಗಿ ಉಳಿದವರನ್ನು ಕರೆದು, "ಅಮ್ಮನ್ನ ನೋಡಿ, ಎಲ್ಲೂ ಜರ್ಕ್ ಇಲ್ಲ," ಎಂದು ತೋರಿಸುತ್ತಿದ್ದಳು. ನನ್ನ ಹತ್ತಿರ ಬಂದಾಗ ಮಾತ್ರ, "ಮೇಡಂ, ಎಣಿಸಬೇಡಿ. ತುಟಿ ಅಲ್ಲಾಡ್ತಿದೆ," ಅನ್ನುತ್ತಿದ್ದಳು. ನನಗೆ ಎಣಿಸದೆ ಕೈಕಾಲು ಆಡಿಸಲು ಬರುವುದಿಲ್ಲ.

ಮೆಟ್ಟಿಲು ಇಳಿಯುವಾಗ ತಂಗಿ ಛೇಡಿಸಿದಳು. "ಡ್ರಿಲ್ ಟೀಚರಮ್ಮ ಫೇಲು. ನಾನು ಪಾಸು."

ನಾನು ನಗಲಿಲ್ಲ. ಜೀವನದಲ್ಲಿ ಅವಳಿಗೆ ಬಂದು ನನಗೆ ಬಾರದ ವಿದ್ಯೆ ಒಂದಿದೆ ಎಂಬುದನ್ನು ನಗುತ್ತಾ ಒಪ್ಪುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಮುಂದೆ ನಡೆದದ್ದರಲ್ಲಿ ಅವಳ ಮೇಲಿನ ಪ್ರೀತಿ ಎಷ್ಟಿತ್ತು, ಈ ಹೊಟ್ಟೆಯುರಿ ಎಷ್ಟಿತ್ತು, ಬೇರ್ಪಡಿಸಿ ನೋಡಲು ನನಗೆ ಇನ್ನೂ ಧೈರ್ಯ ಬಂದಿಲ್ಲ.

ನಾಲ್ಕನೆಯ ವಾರ ಮುಗಿದಾಗ ತಂಗಿಯ ಮಗ ಫೋನ್ ಮಾಡಿ, ಪಾವು ಸಡಿಲವಾಗುತ್ತಿದೆ, ಇಲಿ ಕಾಟ ಬೇರೆ, ಏನು ಮಾಡೋದು ಎಂದು ಕೇಳಿದ. ತಂಗಿ ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಉಳಿದದ್ದು ನಾಲ್ಕು ವಾರ. ವಾರಕ್ಕೆ ಮೂರು ದಿನ, ದಿನಕ್ಕೆ ಮೂರು ಸಲ ಕಾಲು ಜಾರಿಸಿದರೆ ಇವಳು ಯಾವ ಕಾಲಕ್ಕೆ ಮಗ್ಗಕ್ಕೆ ಕೂರುತ್ತಾಳೆ? ಸ್ಪೋರ್ಟ್ಸ್ ಡೇಗೆ ನಾಲ್ಕು ವಾರ ಇದೆ ಅನ್ನುವಾಗ ನಾನು ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ. ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಬೆಳಿಗ್ಗೆ ಐದೂಮುಕ್ಕಾಲು, ಸಂಜೆ ಐದು. ಪ್ರತಿಯೊಂದೂ ಹನ್ನೆರಡು ಸಲ.

ಮೈದಾನದಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆಸಿದವಳಿಗೆ ಗೆರೆಯಿಲ್ಲದೆ ಆಗುತ್ತದೆಯೇ? ಒಂದು ನೂಲಿಗೆ ಸೀಮೆಸುಣ್ಣದ ಪುಡಿ ಹಚ್ಚಿ, ಒಂದು ತುದಿ ತಂಗಿಯ ಕೈಗೆ ಕೊಟ್ಟು, ಇನ್ನೊಂದನ್ನು ನಾನು ಬಿಗಿಯಾಗಿ ಎಳೆದು ಹಿಡಿದು, ನಡುವೆ ಮೀಟಿದೆ. ಕೆಂಪು ನೆಲದ ಮೇಲೆ ಬೆಳ್ಳನೆಯ ಗೆರೆ ಕಂಬಿಯ ಹಾಗೆ ಬಿತ್ತು.

"ಬೀದೀಲಿ ಪಾವು ಹಾಸಿದ ಹಾಗದೆ," ಎಂದು ತಂಗಿ ನಕ್ಕಳು. "ಈಗೇನು, ನನ್ನನ್ನೂ ನೂಲಿನ ಥರ ಎಳೀತೀಯಾ?"

"ಬೆನ್ನುಮೂಳೆ ಸರಿಯಾಗಿ ಈ ಗೆರೆಯ ಮೇಲೆ ಇರಬೇಕು. ಮಲಗು."

ಅವಳು ಟವಲು ಮಡಿಸಿ ಬಲಸೊಂಟದ ಕೆಳಗೆ ಇಟ್ಟುಕೊಳ್ಳಲು ಹೋದಳು. ನಾನು ಟವಲನ್ನು ಎಳೆದು ಕುರ್ಚಿಯ ಬೆನ್ನಿಗೆ ಹಾಕಿದೆ.

"ಆ ಹುಡುಗಿ ಬೇಕು ಅಂದಳಲ್ಲ ಅಕ್ಕಾ."

"ಊರುಗೋಲು ಹಿಡಿದೇ ನಡೆದರೆ ಕಾಲಿಗೆ ಬಲ ಬರುವುದು ಯಾವಾಗ? ಆ ಹುಡುಗಿ ಹುಟ್ಟುವ ಮೊದಲಿಂದ ನಾನು ಮಕ್ಕಳ ಮೈ ನೇರ ಮಾಡಿದ್ದೇನೆ. ನಿನಗೆ ಮಗ್ಗಕ್ಕೆ ಕೂರಬೇಕೋ ಬೇಡವೋ?"

ಅವಳು ಗೆರೆಯ ಮೇಲೆ ಮಲಗಿದಳು. ನಾನು ಎರಡು ಕೈಯಲ್ಲಿ ಅವಳ ಸೊಂಟ ಹಿಡಿದು ಸರಿಸಿದೆ. ಕಣ್ಣಿಗೆ ನೇರವಾಗಿ ಕಂಡಳು. ಅವಳ ದವಡೆ ಬಿಗಿದದ್ದನ್ನು ನೋಡಿ, ಶ್ರದ್ಧೆಯಿಂದ ಮಾಡುತ್ತಿದ್ದಾಳೆ ಅಂದುಕೊಂಡೆ.

ಹೀಗೆ ಎರಡು ವಾರ ನಡೆಯಿತು. ತರಗತಿಯಲ್ಲಿ ಟವಲು ಇರುತ್ತಿತ್ತು, ಮನೆಯಲ್ಲಿ ಇರುತ್ತಿರಲಿಲ್ಲ. ನಾನು ಪಕ್ಕದಲ್ಲಿ ನಿಂತು ಒಣ್ಣು, ರೆಂಡು, ಮೂಣು ಎಂದು ತಮಿಳಿನಲ್ಲಿ ಎಣಿಸುತ್ತಿದ್ದೆ. ನನಗೆ ಎಣಿಕೆ ಬರುವುದು ಆ ಭಾಷೆಯಲ್ಲೇ. ಆರನೆಯ ವಾರ ಹೊಸದೊಂದನ್ನು ಸೇರಿಸಿದೆ. ತರಗತಿಯಲ್ಲಿ ಉಳಿದವರು ಅದನ್ನು ಮಾಡುವುದನ್ನು ನೋಡಿದ್ದೆ. ಕಾಲು ಚಾಚಿ ಅಂಗಾತ ಮಲಗಿ, ಕೈ ಮುಂದೆ ಮಾಡಿ, ತಲೆಯಿಂದ ಶುರುಮಾಡಿ ಬೆನ್ನನ್ನು ಚಾಪೆ ಸುತ್ತಿದ ಹಾಗೆ ಸುರುಳಿಯಾಗಿ ಎತ್ತಿ, ಎದ್ದು ಕೂತು, ಮುಂದಕ್ಕೆ ಬಗ್ಗುವುದು. ಮಗ್ಗದಲ್ಲಿ ಕೂರಬೇಕಾದವಳಿಗೆ ಬಗ್ಗಲು ಬಾರದಿದ್ದರೆ ಹೇಗೆ ಎಂಬುದು ನನ್ನ ತರ್ಕ. ಬಗ್ಗಿ ಏಳುವುದು ಬೇಡ ಎಂದು ಹುಡುಗಿ ಹೇಳಿದ್ದು ನೆನಪಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಿತ್ತು.

ಒಂದು ಗುರುವಾರದ ಬೆಳಿಗ್ಗೆ ಏಳನೆಯ ಸಲಕ್ಕೆ ಅವಳು ನಡುವೆ ನಿಂತಳು. ಬೆನ್ನು ಅರ್ಧ ನೆಲ ಬಿಟ್ಟಿತ್ತು. ಮುಖ ಸುಣ್ಣದ ಗೆರೆಯ ಬಣ್ಣಕ್ಕೆ ತಿರುಗಿತ್ತು. ಕೂಗಲಿಲ್ಲ. ನನ್ನನ್ನು ನೋಡಿ ಒಂದೇ ಮಾತು ಕೇಳಿದಳು.

"ಇನ್ನೆಷ್ಟು ಅದೆ ಅಕ್ಕಾ?"

"ಐದು," ಅಂದೆ.

ಅವಳು ಎದ್ದಳು. ಎಂಟನೆಯದಕ್ಕೆ ಮಲಗಿದವಳು ಮತ್ತೆ ಏಳಲಿಲ್ಲ. ಬಲಗಾಲನ್ನು ತನ್ನದಲ್ಲವೆಂಬಂತೆ ನೋಡುತ್ತಿದ್ದಳು. ತೊಡೆಯಿಂದ ಹಿಮ್ಮಡಿಯವರೆಗೆ ಬೆಂಕಿ ಹರಿದ ಹಾಗಿದೆ ಅಂದಳು. ಮಗುವಿನಂಥ ಆ ಮಾತು, ಇನ್ನೆಷ್ಟು ಅದೆ ಅಕ್ಕಾ, ನಿಲ್ಲಿಸು ಎಂದು ಅವಳು ನನ್ನನ್ನು ಕೇಳಿಕೊಂಡದ್ದು. ಸಾವಿರಾರು ಹುಡುಗಿಯರ ಬಾಯಲ್ಲಿ ಆ ಮಾತನ್ನು ಕೇಳಿದ್ದೇನೆ. ಯಾರಿಗೂ ನಾನು ಸಾಕು ಅಂದದ್ದಿಲ್ಲ.

ಸುದ್ದಿ ತಿಳಿದು ಕಲಿಸುವ ಹುಡುಗಿ ಸ್ಕೂಟರಿನಲ್ಲಿ ಮನೆಗೇ ಬಂದಳು. ನೆಲದ ಗೆರೆಯನ್ನು ನೋಡಿದಳು, ಗೋಡೆಯ ವೇಳಾಪಟ್ಟಿ ನೋಡಿದಳು, ಕುರ್ಚಿಯ ಬೆನ್ನಿಗೆ ನೇತುಹಾಕಿದ ಟವಲು ನೋಡಿದಳು. ಆಮೇಲೆ ಹಾಸಿಗೆಯ ಪಕ್ಕ ಕೂತು ತಂಗಿಯ ಕೈ ಹಿಡಿದು ಕೇಳಿದಳು.

"ಅಮ್ಮಾ, ಟವಲು ಇಲ್ದೆ ಮಾಡಿದ್ರಾ? ಬಗ್ಗಿ ಎದ್ರಾ?"

"ಹೂಂ."

"ಯಾರು ಮಾಡಿ ಅಂದಿದ್ದು?"

ನಾನು ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ತಂಗಿ ನನ್ನ ಕಡೆ ನೋಡಲಿಲ್ಲ.

"ನಾನೇ, ಅಮ್ಮಣಿ. ಬೇಗ ವಾಸಿ ಆಗ್ಲಿ ಅಂತ. ಅಕ್ಕ ಬೇಡ ಅಂದ್ಳು, ನಾನೇ ಕೇಳಲಿಲ್ಲ."

ಹುಡುಗಿ ನನ್ನ ಮುಖ ನೋಡಿದಳು. ಒಂದು ಮಾತು ಹೇಳಲು ಅಷ್ಟು ಹೊತ್ತು ಧಾರಾಳವಾಗಿ ಸಾಕಾಗಿತ್ತು. ನಾನು ಕಾಫಿಯನ್ನು ಅವಳ ಮುಂದೆ ಇಟ್ಟು, ಸಕ್ಕರೆ ಸರಿಯಿದೆಯೇ ಎಂದು ಕೇಳಿದೆ.

"ಛೆ, ಅಮ್ಮ ಅವಸರ ಮಾಡಿಬಿಟ್ರಿ," ಅಂದಳು ಹುಡುಗಿ. ಅವಳು ಇವತ್ತಿಗೂ ಹಾಗೇ ನಂಬಿದ್ದಾಳೋ, ನಂಬಿದ ಹಾಗೆ ನಟಿಸುತ್ತಾಳೋ ಗೊತ್ತಿಲ್ಲ. ನಾನು ಕೇಳಿಲ್ಲ, ಹೇಳಿಯೂ ಇಲ್ಲ.

ಅವಳು ಹೋದ ಮೇಲೆ ಒದ್ದೆ ಬಟ್ಟೆ ತಂದು ನೆಲದ ಗೆರೆಯನ್ನು ಒರೆಸಿದೆ. ಕೆಂಪು ನೆಲದ ಸಂದಿಯಲ್ಲಿ ಬಿಳಿ ಕೂತುಬಿಟ್ಟಿತ್ತು, ಪೂರ್ತಿ ಹೋಗಲಿಲ್ಲ.

ಡಾಕ್ಟರು ಎಂಟು ವಾರದವರೆಗೆ ಕಾಯಲಿಲ್ಲ. "ಇನ್ನು ಗುಂಡಿಗೆ ಇಳಿಯೋ ಮಾತೇ ಬೇಡಮ್ಮ," ಅಂದರು. ಮನೆಯೊಳಗೆ ನಡೆಯಬಹುದು, ನೋವು ತಡೆಯಲು ಮಲಗಿ ಮಾಡುವುದನ್ನು ಮುಂದುವರಿಸಬಹುದು, ಮಗ್ಗ ಮಾತ್ರ ಇಲ್ಲ. ತಂಗಿ ತಲೆಯಾಡಿಸಿದಳು. ಅಪ್ಪ ಚಿಕ್ಕವಳು ಸರಿ ಅಂದಾಗಲೂ ಹೀಗೇ ತಲೆಯಾಡಿಸಿದ್ದಳು.

ಮನೆಗೆ ಬರುವ ಆಟೋದಲ್ಲಿ ಅವಳೇ ಮಾತು ತೆಗೆದಳು. "ಪಾವು ಕತ್ತರಿಸಬೇಕು. ಉಳಿದ ನೂಲನ್ನ ಸುತ್ತಿ, ನೇಯಾಕೆ ಕೊಟ್ಟವರಿಗೆ ವಾಪಸ್ ಮಾಡಬೇಕು."

"ಮಗನಿಗೆ ಹೇಳ್ತೀನಿ."

"ಬೇಡ. ಅವನು ಎಳ್ದು ಕಿತ್ತು ಹಾಕ್ತಾನೆ. ನೀನೇ ಹೋಗು. ನೇಯ್ದಿರೋ ತುದಿಯಿಂದ ಒಂದು ಗೇಣು ಬಿಟ್ಟು ಕತ್ತರಿಸು."

ಮಾರನೆಯ ದಿನ ಸಿಂಗಾನಲ್ಲೂರಿನಲ್ಲಿ ಬಸ್ಸು ಹತ್ತಿದೆ. ಪಲ್ಲಡಂ ದಾಟಿ, ಕಾಂಗೇಯಂ ದಾಟಿ, ಹನ್ನೊಂದು ಗಂಟೆಗೆ ತಂಗಿಯ ಮನೆ ಮುಟ್ಟಿದೆ. ಮಗ ಕೆಲಸಕ್ಕೆ ಹೋಗಿದ್ದ. ಸೊಸೆ ರಜೆ ಹಾಕಿ ನನಗಾಗಿ ಕಾಯುತ್ತಿದ್ದಳು. ಮಗ್ಗದ ಕೋಣೆಯ ಕಿಟಕಿ ತೆಗೆದಳು. ನಾಲ್ಕನೆಯ ಸೀರೆ ಅರ್ಧದಲ್ಲಿ ನಿಂತಿತ್ತು, ಮೇಲೆ ಹಳೆಯ ಪಂಚೆ ಹೊದಿಸಿತ್ತು. ನಿಂತಲ್ಲಿಂದ ನೂಲಿಗೆ ಕೈ ಎಟುಕದೆ, ಉಟ್ಟ ಸೀರೆಯನ್ನು ಮಂಡಿಗೆ ಎತ್ತಿಕೊಂಡು ಗುಂಡಿಗೆ ಕಾಲು ಇಳಿಸಿದೆ. ಐವತ್ತನಾಲ್ಕು ವರ್ಷದ ಮೇಲೆ ಕೂತದ್ದು. ಮಂಡಿ ಮತ್ತೆ ಅದೇ ದಿಂಡಿಗೆ ಬಡಿಯಿತು.

ಕೂತ ತಕ್ಷಣ ಮೈ ಎಡಕ್ಕೆ ವಾಲಿತು. ಕೆಳಗೆ ಏನೋ ಇತ್ತು. ಎದ್ದು ನೋಡಿದರೆ, ಹಲಗೆಯ ಬಲಭಾಗದಲ್ಲಿ ಒಂದು ಬಟ್ಟೆಯ ಮಡಿಕೆ. ಗೋಣಿಯ ತುಂಡಿನ ಮೇಲೆ ಹಳೆಯ ಪಂಚೆ, ಅದರ ಮೇಲೆ ಸೀರೆಯ ತುಂಡು, ಸವೆದಾಗಲೆಲ್ಲ ಮೇಲೊಂದು ಪದರ ಹಾಕಿ ಹೊಲಿದದ್ದು. ಅಂಚಿನಲ್ಲಿ ಎಷ್ಟೋ ಬಣ್ಣಗಳು ಕಾಣುತ್ತಿದ್ದವು. ಗಟ್ಟಿಯಾಗಿತ್ತು, ನಡುವೆ ಅವಳ ಮೈಯ ಗುರುತು ಕುಳಿಬಿದ್ದಿತ್ತು. ದಪ್ಪ ನಾಲ್ಕು ಮಡಿಕೆಯ ಟವಲಿನಷ್ಟು.

"ಅದನ್ನ ತೆಗೀಬೇಡಿ ದೊಡ್ಡಮ್ಮ," ಅಂದಳು ಸೊಸೆ. ಆಮೇಲೆ ತನ್ನ ಮಾತು ತನಗೇ ಹೊಳೆದು ತಡವರಿಸಿದಳು. "ಅಲ್ಲ, ಇನ್ನು ತೆಗೀಬೋದು. ಅತ್ತೆ ಅದಿಲ್ದೆ ಕೂರಾದೇ ಇಲ್ಲ. ಒಗೆಯಾಕೆ ತಗೊಂಡ್ರೂ ಬೈಯಾದು. ಚಿಕ್ಕಂದಿನಿಂದ ಇಟ್ಕೊಂಡವ್ರಂತೆ."

ಚಿಕ್ಕಂದಿನಿಂದ. ನಾನು ಹೈಸ್ಕೂಲಿನ ಮೈದಾನದಲ್ಲಿ ನೆಟ್ಟಗೆ ನಿಲ್ಲಲು ಕಲಿಯುತ್ತಿದ್ದಾಗ ಹನ್ನೊಂದು ವರ್ಷದ ಅವಳು ತನಗೆ ಏನು ಬೇಕೆಂದು ತಾನೇ ಕಂಡುಕೊಂಡು, ಮಡಿಸಿ, ಹೊಲಿದು, ಅಡಿಗೆ ಇಟ್ಟುಕೊಂಡಿದ್ದಳು. ಕಲಿಸುವ ಹುಡುಗಿ ಬರಿಗೈಯಲ್ಲಿ ಮುಟ್ಟಿ ನೋಡಿ ಅದನ್ನೇ ಇಟ್ಟಳು. ಈಗ ಮಗ್ಗದಲ್ಲಿ ಕೂತ ಹಾಗದೆ ಎಂದು ತಂಗಿ ನನ್ನ ಎದುರಿಗೇ ಹೇಳಿದಳು. ಹಬ್ಬಹರಿದಿನಕ್ಕೆ ಈ ಮನೆಗೆ ಎಷ್ಟು ಸಲ ಬಂದಿಲ್ಲ ನಾನು! ಈ ಕೋಣೆಯ ಬಾಗಿಲಲ್ಲಿ ನಿಂತು, "ಯಾಕೆ ಹೀಗೆ ಗೂನಾಗಿ ಕೂತಿದ್ದೀಯ, ನೆಟ್ಟಗೆ ಕೂತು ನೇಯಿ," ಎಂದು ಹೇಳಿ ಅಡುಗೆಮನೆಗೆ ಹೋಗುತ್ತಿದ್ದೆ. ಬಗ್ಗಿ ಹಲಗೆಯನ್ನು ನೋಡಲಿಲ್ಲ.

ಕತ್ತರಿಸುವ ಮೊದಲು ಅಳೆದೆ. ನೇಯ್ದ ಅಂಚಿನಿಂದ ಸರಿಯಾಗಿ ಒಂದು ಗೇಣು. ಎಡದಿಂದ ಬಲಕ್ಕೆ ಕತ್ತರಿಸಿದೆ. ಎಳೆಗಳು ಒಂದೊಂದಾಗಿ ಬಿಗಿ ಕಳೆದುಕೊಂಡು ಹಿಂದಕ್ಕೆ ಸರಿದವು. ಸೊಸೆ ಉಳಿದ ನೂಲನ್ನು ಸುತ್ತಿಕೊಂಡಳು. ಅರ್ಧ ಸೀರೆಯನ್ನು ನಾನು ಮಡಿಸಿದೆ, ಬಟ್ಟೆಯ ಮಡಿಕೆಯನ್ನೂ ಚೀಲಕ್ಕೆ ಹಾಕಿಕೊಂಡು ಮೂರು ಗಂಟೆಯ ಬಸ್ಸಿಗೆ ಹೊರಟೆ.

ಮನೆಗೆ ಬಂದಾಗ ಸಂಜೆ ಐದು ದಾಟಿತ್ತು. ಗೋಡೆಯ ವೇಳಾಪಟ್ಟಿಯ ಪ್ರಕಾರ ಅದು ಎರಡನೆಯ ಅಭ್ಯಾಸದ ಹೊತ್ತು. ಅದನ್ನು ಇನ್ನೂ ಕಿತ್ತಿರಲಿಲ್ಲ. ತಂಗಿ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದಳು, ಮಂಡಿ ಮಡಿಸಿ, ಕಣ್ಣು ಮುಚ್ಚಿ. ನಾನು ಚೀಲದಿಂದ ಆ ಮಡಿಕೆ ತೆಗೆದು ಅವಳ ಕೈಯ ಪಕ್ಕದಲ್ಲಿ ಇಟ್ಟೆ. ಅವಳು ಕಣ್ಣು ತೆರೆಯದೆಯೇ ಮುಟ್ಟಿ ಗುರುತು ಹಿಡಿದಳು. ಬೆರಳು ಅದರ ಹೊಲಿಗೆಯ ಮೇಲೆ ಆಡಿತು. ಕ್ಷಮಿಸು ಎಂಬ ಮಾತು ನಮ್ಮ ಮನೆಯ ಕನ್ನಡದಲ್ಲಿ ಇಲ್ಲ. ಪುಸ್ತಕದಿಂದ ತಂದು ಹೇಳಬಹುದಿತ್ತು. ಹೇಳಲಿಲ್ಲ.

"ಕತ್ತರಿಸಿದ್ಯಾ?" ಅಂದಳು.

"ಹೂಂ."

"ನೇರಕ್ಕೆ ಕತ್ತರಿಸಿದ್ಯಾ?"

"ನೇರಕ್ಕೇ."

"ಅದು ನಿನಗೆ ಬರ್ತದೆ."

ಅವಳು ಮಡಿಕೆಯನ್ನು ಬಲಸೊಂಟದ ಕೆಳಗೆ ಸರಿಸಿಕೊಂಡಳು. ಪಕ್ಕೆಲುಬು ಎರಡೂ ಕಡೆ ಅರಳಿತು, ಉಸಿರು ಹೊರಗೆ ಬಂತು. ಎಡಗಾಲು ನಿಧಾನವಾಗಿ ಜಾರಿ ಹೋಯಿತು, ಅಷ್ಟೇ ನಿಧಾನವಾಗಿ ವಾಪಸು ಬಂತು. ಮೂರು ಸಲ ಮಾಡಿ ತಾನೇ ನಿಲ್ಲಿಸಿದಳು. ನಾನು ಎಣಿಸಿರಲಿಲ್ಲ ಎಂದು ಬರೆಯಲು ಇಷ್ಟ. ಎಣಿಸಿದ್ದೆ.